ಹಸಿರು ಬಂತು, ರಾಮದುರ್ಗ ಬರಲಿಲ್ಲ

ನಮ್ಮ ಡಾಕ್ಟರ್ ಸಾಹೇಬರು ಹುಟ್ಟಿದಾಗಿನಿಂದ ಯಾವ ಪರೀಕ್ಷೆಯಲ್ಲೂ ನಪಾಸಾದವರಲ್ಲ. ಬೈಲಹೊಂಗಲದಲ್ಲಿ ಅವರ ಪ್ರಯೋಗಾಲಯಕ್ಕೆ ರಕ್ತ ಕೊಡಲು ಹೋದವರಿಗೆಲ್ಲ ಇದು ಗೊತ್ತು, ಏಕೆಂದರೆ ಸೂಜಿ ಚುಚ್ಚುವಾಗ ಗಮನ ಬೇರೆಡೆ ಸೆಳೆಯಲು ಅವರು ಹೇಳುವುದು ಇದೇ ಕಥೆಯನ್ನು. ಅಂಥವರು ಅವತ್ತು ಬೆಳಿಗ್ಗೆ ನನಗೆ ಫೋನ್ ಮಾಡಿ ದನಿ ತಗ್ಗಿಸಿ ಮಾತಾಡಿದರು.

"ಅಕ್ಕಾರ, ನಮ್ಮ ಸರ್ವರ್ ಫೇಲ್ ಆಗೈತಂತ್ರಿ. ಎಫ್ ಗ್ರೇಡ್. ಯಾರ ಮುಂದೂ ಹೇಳಬ್ಯಾಡ್ರಿ, ಲಗೂನ ಬರ್ರಿ."

ಪೇಟೆಯಲ್ಲಿ ಕಂಪ್ಯೂಟರ್ ದುರಸ್ತಿಯ ಅಂಗಡಿ ನನ್ನದು. ನಾಲ್ಕಾರು ಕಚೇರಿಗಳ ನೆಟ್‌ವರ್ಕನ್ನೂ ನೋಡಿಕೊಳ್ಳುತ್ತೇನೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಯಂತ್ರಗಳನ್ನು ಬೈಯುತ್ತೇನೆ, ಅವು ತಿರುಗಿ ಮಾತಾಡುವುದಿಲ್ಲ ಎಂಬುದೇ ಈ ಕಸುಬಿನ ದೊಡ್ಡ ಸುಖ. ಫೇಲಾದ ಸರ್ವರನ್ನು ಬೈಯಬಹುದೆಂಬ ಉತ್ಸಾಹದಲ್ಲೇ ಹೋದೆ.

ಸಂಗತಿ ಇಷ್ಟು. ಪ್ರಯೋಗಾಲಯಕ್ಕೆ ಕಿತ್ತೂರು, ಸವದತ್ತಿ ಮತ್ತು ರಾಮದುರ್ಗದಲ್ಲಿ ಚಿಕ್ಕ ಕೇಂದ್ರಗಳಿವೆ. ಅಲ್ಲಿ ರಕ್ತ ತೆಗೆದು, ಸಕ್ಕರೆಯಂಥ ಸಣ್ಣ ಪರೀಕ್ಷೆಗಳನ್ನು ಅಲ್ಲೇ ಮಾಡಿ, ವರದಿಯನ್ನು ಬೈಲಹೊಂಗಲದ ಸರ್ವರ್‌ಗೆ ಕಳಿಸುತ್ತಾರೆ. ನಗರದ ಒಂದು ದೊಡ್ಡ ಆಸ್ಪತ್ರೆ ಈ ವರದಿಗಳನ್ನು ನೇರವಾಗಿ ತನ್ನ ವೈದ್ಯರಿಗೆ ತೋರಿಸಲು ಒಪ್ಪಿತ್ತು. ಆದರೆ ಒಪ್ಪುವ ಮೊದಲು ಅವರ ಕಂಪ್ಯೂಟರ್ ಅಧಿಕಾರಿ ನಮ್ಮ ಸರ್ವರ್‌ನ ಬೀಗ ಅಲುಗಾಡಿಸಿ ನೋಡಿದ್ದ. ಬೀಗ ಕೈಗೇ ಬಂದಿತ್ತು. ಬರುವ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮತ್ತೊಮ್ಮೆ ನೋಡುತ್ತೇನೆ, ಆ ಹೊತ್ತಿಗೆ ಸರ್ವರ್ ಪಾಸಾಗಿರಬೇಕು, ಮೂರೂ ಕೇಂದ್ರಗಳಿಂದ ಹೊಸ ದಾರಿಯಲ್ಲಿ ಒಂದೊಂದು ವರದಿ ಬಂದಿರಬೇಕು, ಬಾರದ ಕೇಂದ್ರವನ್ನು ಕೈಬಿಡುತ್ತೇವೆ ಎಂದು ತಿಳಿಸಿದ್ದ. ಕೈಬಿಟ್ಟ ಕೇಂದ್ರವನ್ನು ನಡೆಸುವುದು ತಮ್ಮಿಂದಾಗದು, ಮುಚ್ಚಿಬಿಡುತ್ತೇನೆ ಎಂದು ಡಾಕ್ಟರೂ ಕಡ್ಡಿ ಮುರಿದಂತೆ ಹೇಳಿದರು.

ನಾನು ಆ ಅಧಿಕಾರಿಗೆ ಫೋನ್ ಮಾಡಿ, ಯಾವ ಪರೀಕ್ಷೆಯಪ್ಪಾ ಅದು, ಪಠ್ಯಕ್ರಮವನ್ನಾದರೂ ಹೇಳು ಎಂದು ತರಾಟೆಗೆ ತೆಗೆದುಕೊಂಡೆ. ಹುಡುಗ ಒಳ್ಳೆಯವನು. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಒಂದು ಸಾಧನ, ನೀವೇ ಇಳಿಸಿಕೊಂಡು ಓಡಿಸಿ ನೋಡಿ ಮೇಡಂ, ನಾನು ನೋಡುವುದೂ ಅದರಿಂದಲೇ ಎಂದ. ಪ್ರಶ್ನೆಪತ್ರಿಕೆಯನ್ನು ಮೊದಲೇ ಕೈಗಿಡುವ ಪರೀಕ್ಷಕನನ್ನು ನಾನು ಅದೇ ಮೊದಲು ಕಂಡಿದ್ದು.

ಪುಕ್ಕಟೆ ಎಂದರೆ ನನಗೆ ಮೊದಲು ಸಂಶಯ. ಆದರೆ ಈ ಸಾಧನ ನೋಡಿದೆ, ಮೆಚ್ಚಿದೆ. ಅದಕ್ಕೆ ಕಿಟಕಿಯಿಲ್ಲ, ಗುಂಡಿಯಿಲ್ಲ, ಬಣ್ಣದ ಚಿತ್ರವಿಲ್ಲ. ಕಪ್ಪು ಪರದೆಯಲ್ಲಿ ಅದರ ಹೆಸರು, ಅದರ ಮುಂದೆ ಸರ್ವರ್‌ನ ವಿಳಾಸ ಬರೆದು ಎಂಟರ್ ಒತ್ತಿದರೆ ಆಯಿತು. ಅದು ಸರ್ವರ್‌ನ ಬಾಗಿಲಿಗೆ ಹೋಗಿ ಮತ್ತೆ ಮತ್ತೆ ಕದ ತಟ್ಟುತ್ತದೆ. ಹಳೇ ಕಾಲದ ಗೂಢಲಿಪಿಯಲ್ಲಿ ಕರೆದರೆ ಓಗೊಡುತ್ತೀಯಾ, ಮುರುಕು ಬೀಗ ತೋರಿಸಿದರೆ ಒಪ್ಪುತ್ತೀಯಾ, ನಿನ್ನ ಗುರುತಿನ ಪ್ರಮಾಣಪತ್ರ ಕೊಟ್ಟವರು ಯಾರು, ಅದು ಯಾವತ್ತಿನಿಂದ ಯಾವತ್ತಿನ ತನಕ ನಡೆಯುತ್ತದೆ. ಇಂಥ ಪ್ರಶ್ನೆ ಕೇಳಿ, ಉತ್ತರವನ್ನು ಸಾಲುಸಾಲಾಗಿ ಬರೆಯುತ್ತದೆ. ಸರಿಯಿದ್ದರೆ ಹಸಿರು, ಅರೆಬರೆಯಾದರೆ ಹಳದಿ, ಕೆಟ್ಟದ್ದಾದರೆ ಕೆಂಪು. ಕಂಡದ್ದನ್ನು ಬೇರೆ ಯಾರಿಗೂ ಕಳಿಸುವುದಿಲ್ಲ, ನಮ್ಮ ಮಾನ ನಮ್ಮ ಮನೆಯೊಳಗೇ ಇರುತ್ತದೆ.

ಮೊದಲ ಸಲ ಓಡಿಸಿದಾಗ ಪರದೆ ಪೂರಾ ಕೆಂಪಾಯಿತು. ಡಾಕ್ಟರು ನನ್ನ ಹೆಗಲ ಹಿಂದಿನಿಂದ ಇಣುಕಿ, ರಕ್ತದ ವ್ಯವಹಾರ ನೋಡ್ರಿ, ಕೆಂಪ ಇರತೈತಿ ಎಂದು ತಾವೇ ನಕ್ಕರು. ಸರ್ವರ್ ಕೂರಿಸಿದ ಪುಣ್ಯಾತ್ಮ ಎಂದೋ ಊರು ಬಿಟ್ಟಿದ್ದ. ಅವನು ಹಾಕಿದ ಪ್ರಮಾಣಪತ್ರ ಅವನೇ ಬರೆದು ಅವನೇ ಸಹಿ ಮಾಡಿದ್ದು, ಹತ್ತು ವರ್ಷ ನಡೆಯುವಂಥದ್ದು. ಅದನ್ನು ನಂಬುವಂತೆ ಪ್ರತಿ ಕೇಂದ್ರದ ಕಂಪ್ಯೂಟರಿಗೂ ಕೈಯಾರೆ ಹೇಳಿಕೊಡಲಾಗಿತ್ತು. ಟಿಎಲ್‌ಎಸ್ ಎಂಬ ಗೂಢಲಿಪಿ ಪದ್ಧತಿಯ ಹಳೇ ಆವೃತ್ತಿಗಳೂ ಬಾಗಿಲು ತೆರೆದುಕೊಂಡೇ ಕೂತಿದ್ದವು. ಬೀಗವೇನೋ ಇತ್ತು, ಆದರೆ ತಲೆಗೆ ಸಿಕ್ಕಿಸುವ ಪಿನ್ನಿನಿಂದ ತೆಗೆಯಬಹುದಾದ ಬೀಗ. ಯಾರ ಬಸಿರು, ಯಾರ ಸಕ್ಕರೆ, ಯಾರ ಕಾಮಾಲೆ ಎಂಬುದೆಲ್ಲ ಅದರೊಳಗೆ ಓಡಾಡುತ್ತಿತ್ತು. ನನಗೆ ಒಳಗೊಳಗೇ ಗಾಬರಿಯಾಯಿತು, ಯಾಕೆಂದರೆ ನಮ್ಮ ಮನೆಯವರ ವರದಿಗಳೂ ಅದರಲ್ಲಿದ್ದವು.

ಕೆಲಸ ಶುರುಮಾಡಿದೆ. ಟಿಎಲ್‌ಎಸ್‌ನ ಮೊದಲೆರಡು ಆವೃತ್ತಿಗಳನ್ನು ಮುಚ್ಚಿ, ಒಂದು ಬಿಂದು ಎರಡು ಮತ್ತು ಒಂದು ಬಿಂದು ಮೂರನ್ನು ಮಾತ್ರ ಉಳಿಸಿದೆ. ಸಾಧನ ಓಡಿಸಿದೆ. ಕೆಂಪು ಕಡಿಮೆಯಾಯಿತು. ದುರ್ಬಲ ಲಿಪಿಗಳನ್ನೆಲ್ಲ ಪಟ್ಟಿಯಿಂದ ಕಿತ್ತುಹಾಕಿ, ಉಳಿದವುಗಳಲ್ಲಿ ಗಟ್ಟಿಯಾದದ್ದನ್ನೇ ಮೊದಲು ಆರಿಸಿಕೊಳ್ಳಬೇಕೆಂದು ಸರ್ವರ್‌ಗೆ ಹೇಳಿದೆ. ಓಡಿಸಿದೆ, ಹಳದಿ. ಎಲ್ಲೆಡೆ ಮಾನ್ಯತೆಯಿರುವ ಕಡೆಯಿಂದ ಹೊಸ ಪ್ರಮಾಣಪತ್ರ ತರಿಸಿದೆ. ಅದೂ ಪುಕ್ಕಟೆಯೇ, ಆದರೆ ಮೂರು ತಿಂಗಳಿಗೊಮ್ಮೆ ಹೊಸದಾಗಬೇಕು. ಕೂರಿಸಿ ಓಡಿಸಿದರೆ, ಪತ್ರ ಕೊಟ್ಟವರ ಸರಪಳಿಯಲ್ಲಿ ನಡುವಿನ ಒಂದು ಕೊಂಡಿ ಕಾಣೆಯಾಗಿದೆ ಎಂದು ಮತ್ತೆ ಕೆಂಪು ತೋರಿಸಿತು. ಅದಕ್ಕೆ ಮರ್ಯಾದೆಯೇ ಇಲ್ಲ, ಮುಖ ನೋಡಿ ಅಂಕ ಕೊಡುವ ಪೈಕಿಯಲ್ಲ. ಕೊಂಡಿ ಸೇರಿಸಿದೆ. ಈ ಸಲ ಮೇಲಿಂದ ಕೆಳಗಿನವರೆಗೆ ಜೋಳದ ಹೊಲದಂತೆ ಹಸಿರು ಬಂತು, ಕೊನೆಯಲ್ಲಿ ಎ ಅಂತ ಬಂತು. ಡಾಕ್ಟರು ಚಹಾ ತರಿಸಿದರು, ಜೊತೆಗೆ ಮಿರ್ಚಿ ಭಜಿಯನ್ನೂ ತರಿಸಿದರು.

ಮಿರ್ಚಿ ತಣ್ಣಗಾಗುವ ಮೊದಲೇ ಕಿತ್ತೂರಿನಿಂದ ಫೋನ್ ಬಂತು, ವರದಿ ಹೋಗುತ್ತಿಲ್ಲ ಎಂದು. ಅಲ್ಲಿನ ಕಂಪ್ಯೂಟರು ತೀರಾ ಹಳೆಯದು, ಹೊಸ ಲಿಪಿಯ ಗಂಧವೇ ಅದಕ್ಕಿರಲಿಲ್ಲ. ನನ್ನ ಅಂಗಡಿಯಲ್ಲಿದ್ದ ಒಂದನ್ನು ಸ್ಕೂಟರಿನ ಮುಂದೆ ಕಾಲಿನ ನಡುವೆ ಇಟ್ಟುಕೊಂಡು ಹೋಗಿ ಕೂರಿಸಿ ಬಂದೆ. ಸವದತ್ತಿ ತಕರಾರಿಲ್ಲದೆ ಬಂತು. ಉಳಿದದ್ದು ರಾಮದುರ್ಗ. ಅಲ್ಲಿನ ಕಂಪ್ಯೂಟರು ಎಲ್ಲಕ್ಕಿಂತ ಹೊಸದು, ಕಳೆದ ದಸರೆಯ ಸುಮಾರಿಗೆ ಕೊಂಡದ್ದು. ಅದರ ಬಗ್ಗೆ ನನಗೆ ಚಿಂತೆಯೇ ಇರಲಿಲ್ಲ.

ರಾಮದುರ್ಗ ಬರಲಿಲ್ಲ.

ಅಲ್ಲಿನ ತಂತ್ರಜ್ಞರು ಐದು ದಶಕ ದಾಟಿದವರು, ಪೂಜೆ-ಪಂಚಾಂಗದ ಮನೆತನದವರು. ಎಲ್ಲರೂ ಅವರನ್ನು ಆಚಾರ್ರು ಎಂದೇ ಕರೆಯುತ್ತಾರೆ. ಸೂಜಿ ಚುಚ್ಚಿದ್ದು ತಿಳಿಯದಂಥ ಕೈ. ಪರದೆಯ ಮೇಲೆ ಏನು ಬರುತ್ತಿದೆ, ಫೋಟೋ ಕಳಿಸಿ ಎಂದೆ. "ಸಂಪರ್ಕ ಸಾಧ್ಯವಿಲ್ಲ" ಎಂಬ ಡಬ್ಬಿಯನ್ನಷ್ಟೇ, ಅದರ ಅಂಚೂ ಕಾಣದ ಹಾಗೆ ಹತ್ತಿರದಿಂದ ತೆಗೆದು ಕಳಿಸಿದರು. ದೂರದಿಂದಲೇ ಅವರ ಪರದೆ ನೋಡುವ ತಂತ್ರಾಂಶ ಹಾಕಿಸಿದರೆ ಅದೂ ಕೂಡಲಿಲ್ಲ. ಹಾಗಾದರೆ ಇಂಟರ್ನೆಟ್ ಲೈನೇ ಸರಿಯಿಲ್ಲ ಎಂದು ತೀರ್ಮಾನಿಸಿ, ಲೈನಿನವನನ್ನು ಅಲ್ಲಿಗೆ ಅಟ್ಟಿದೆ. ಅವನು ವೈರು ಬದಲಿಸಿ, ರೌಟರ್ ಬದಲಿಸಿ, ಚಹಾ ಕುಡಿದು, ಎಲ್ಲ ಸರಿ ಇದೆ ಎಂದು ಹೋದ.

ಇಂಥ ಕಾಯಿಲೆಗೆ ಮೊದಲು ಕೇಳಬೇಕಾದ ಪ್ರಶ್ನೆಯನ್ನು ನಾನು ಕೇಳಲಿಲ್ಲ ಎಂದುಕೊಳ್ಳಬೇಡಿ. ಕೇಳಿದೆ. "ಕಂಪ್ಯೂಟರಿನ ತಾರೀಖು ಸರಿ ಐತೇನ್ರಿ?" ಎಂದು ನಾನೇ ಬಾಯಿಬಿಟ್ಟು ಕೇಳಿದೆ. ಆಚಾರ್ರು, "ಅದು ಹೆಂಗ ಇರಬೇಕೋ ಹಂಗ ಅದ ರೀ" ಎಂದರು. ನನ್ನ ಪಾಡಿಗೆ ನಾನು ಮುಂದಿನ ಪ್ರಶ್ನೆಗೆ ಹೋದೆ.

ಶನಿವಾರ ಸಂಜೆಯಾಯಿತು. ಆಚಾರ್ರು ಮತ್ತೆ ಫೋನ್ ಮಾಡಿದರು. ಅವರ ತಂದೆಗೆ ಎಂಬತ್ತು ದಾಟಿದೆ, ಕಣ್ಣು ಮಂಜಾಗಿದೆ, ಸಕ್ಕರೆ ಕಾಯಿಲೆ ಬೇರೆ. ಈ ಕೇಂದ್ರ ಇಲ್ಲದ ಕಾಲದಲ್ಲಿ ರಾಮದುರ್ಗದ ಸಕ್ಕರೆಯವರೆಲ್ಲ ಬೆಳಗಿನ ಬಸ್ಸು ಹಿಡಿದು, ಚಹಾ ಕೂಡ ಕುಡಿಯದೆ, ಖಾಲಿ ಹೊಟ್ಟೆಯಲ್ಲಿ ಸವದತ್ತಿಗೆ ಹೋಗಿ ರಕ್ತ ಕೊಡಬೇಕಿತ್ತು. ಒಮ್ಮೆ ಹಾಗೆ ಹೋದಾಗ ಅವರ ತಂದೆ ಬಸ್ಸಿನಲ್ಲೇ ಕಣ್ಣು ಕತ್ತಲೆ ಬಂದು ಕುಸಿದಿದ್ದರಂತೆ. "ನನ್ನ ನೌಕರಿ ಹೋದ್ರ ಹೋಗ್ಲಿ ರೀ, ಪೂಜಿ ಮಾಡಿಕೊಂಡು ಇರ್ತೀನಿ. ಅಪ್ಪಾವರನ್ನ ಮತ್ತ ಆ ಬಸ್ಸಿನ್ಯಾಗ ಹೆಂಗ ಕೂಡಿಸಲಿ?" ಎಂದರು. ಕೂಗಾಡಲು ಬಾಯಿ ತೆರೆದಿದ್ದ ನಾನು, ಏನಾದರೂ ದಾರಿ ನೋಡುತ್ತೇನೆ ಎಂದು ಹೇಳಿ ಫೋನ್ ಇಟ್ಟೆ.

ಭಾನುವಾರ ಡಾಕ್ಟರು ಒಂದು ಉಪಾಯ ಹೇಳಿದರು. ಹಳೇ ಪ್ರಮಾಣಪತ್ರ ಇನ್ನೂ ಇದೆ, ಅದರಲ್ಲಿ ರಾಮದುರ್ಗ ನಡೆಯುತ್ತಿತ್ತು. ಸರ್ವರ್‌ಗೆ ಬೇರೆ ನಂಬರಿನ ಒಂದು ಹಿತ್ತಿಲ ಬಾಗಿಲು ಮಾಡಿ ಹಳೇ ಬೀಗ ಹಾಕಿದರೆ ರಾಮದುರ್ಗ ಅಲ್ಲಿಂದ ಬರುತ್ತದೆ. ಪರೀಕ್ಷೆ ಮಾಡುವವನು ಮುಂಬಾಗಿಲನ್ನಷ್ಟೇ ನೋಡುತ್ತಾನೆ. ಹತ್ತು ನಿಮಿಷದ ಕೆಲಸ. ಸುಳ್ಳೇಕೆ ಹೇಳಲಿ, ನನ್ನ ಮನಸ್ಸೂ ಒಂದು ಗಳಿಗೆ ಅತ್ತ ಹೊರಳಿತು. ಬೆರಳು ಕೀಲಿಗಳ ಮೇಲೆಯೇ ಇದ್ದವು.

ಆದರೆ ಮೊದಲ ದಿನದ ಕೆಂಪು ಪರದೆ ಕಣ್ಣ ಮುಂದೆ ಬಂತು. ಊರಿಗೆಲ್ಲ ಗಟ್ಟಿ ಬೀಗ, ರಾಮದುರ್ಗದವರ ಕಾಯಿಲೆಗಳು ಮಾತ್ರ ಪೋಸ್ಟ್‌ಕಾರ್ಡಿನಲ್ಲಿ ಹೋಗಬೇಕೇ? ಅವರೇನು ಪಾಪ ಮಾಡಿದ್ದಾರೆ? ಹಾಗೆಂದು ಡಾಕ್ಟರಿಗೆ ಮುಖಕ್ಕೆ ಹೇಳಿದೆ. ಕಾಪಿ ಹೊಡೆದು ಪಾಸಾಗುವುದಾದರೆ ನಿಮ್ಮ ಕಥೆಯನ್ನು ಇನ್ನು ಮೇಲೆ ಸೂಜಿ ಚುಚ್ಚುವಾಗ ಹೇಳುವಂತಿಲ್ಲ ನೋಡ್ರಿ ಎಂದೂ ಸೇರಿಸಿದೆ. ಅವರು ಕನ್ನಡಕ ಒರೆಸಿಕೊಂಡು, "ಹಂಗಾರ ನೀವ ಹೋಗಿ ನೋಡಿ ಬರ್ರಿ" ಎಂದರು.

ಸೋಮವಾರ ಮೊದಲ ಬಸ್ಸಿಗೆ ಹೊರಟು, ಯರಗಟ್ಟಿಯಲ್ಲಿ ಬಸ್ಸು ಬದಲಿಸಿ, ಎಂಟರ ಸುಮಾರಿಗೆ ರಾಮದುರ್ಗದಲ್ಲಿದ್ದೆ. ಆಚಾರ್ರ ಮನೆಯ ಮುಂದಿನ ಕೋಣೆಯೇ ಕೇಂದ್ರ. ಬೆಂಚಿನ ಮೇಲೆ ಖಾಲಿ ಹೊಟ್ಟೆಯವರ ಸಾಲು. ಅವರ ಮುಖಗಳಲ್ಲಿ ನನಗಿಂತ ಹೆಚ್ಚು ಸಿಟ್ಟಿತ್ತು. ಇವತ್ತು ಇವರನ್ನು ಬಿಡಬಾರದು ಎಂದು ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಬಂದಿದ್ದೆ. ಆಚಾರ್ರು ಒಳಗಿಂದ ಬಂದವರೇ ನನ್ನ ಅಂಗೈಗೆ ಸಕ್ಕರೆ ಪಾಕದ ಕುಸರೆಳ್ಳು ಹಾಕಿ, "ಎಳ್ಳು-ಬೆಲ್ಲ ತೊಗೊಂಡು ಎಳ್ಳು-ಬೆಲ್ಲಧಂಗ ಇರೋಣ್ರಿ" ಎಂದರು. ಸಂಕ್ರಾಂತಿ ಆಗಿ ನಾಲ್ಕೈದು ದಿನವಷ್ಟೇ ಆಗಿತ್ತು. ಬಾಯಲ್ಲಿ ಕುಸರೆಳ್ಳು ಇಟ್ಟುಕೊಂಡು ಬೈಯಲಾಗುತ್ತದೆಯೇ?

ನನ್ನ ಲ್ಯಾಪ್‌ಟಾಪನ್ನು ಅವರದೇ ಲೈನಿಗೆ ಸಿಕ್ಕಿಸಿ ಸಾಧನ ಓಡಿಸಿದೆ. ಅಪ್ಪಟ ಹಸಿರು. ಸರ್ವರ್ ಸರಿ, ಲೈನೂ ಸರಿ. ದೇವರು ವರ ಕೊಟ್ಟರೂ ಪೂಜಾರಿ ಕೊಡುತ್ತಿಲ್ಲ ಎಂದು ಗೊಣಗುತ್ತ ಒಂದೊಂದೇ ಸಾಲು ಓದತೊಡಗಿದೆ. ಪ್ರಮಾಣಪತ್ರದ ಸಾಲು ಬಂತು. ಇಂಥ ದಿನದಿಂದ ಇಂಥ ದಿನದವರೆಗೆ ಎಂದಿತ್ತು. ಶುರುವಾದದ್ದು ಹೋದ ವಾರ. ಆ ಸಾಲಿನಿಂದ ತಲೆಯೆತ್ತಿದವಳ ಕಣ್ಣು ಪಕ್ಕದ ಮೇಜಿನ ಮೇಲಿದ್ದ ಅವರ ಕಂಪ್ಯೂಟರಿನ ಪರದೆಯ ಮೂಲೆಗೆ ಬಿತ್ತು. ನಾವೆಲ್ಲ ಎಳ್ಳಮಾವಾಸ್ಯೆ ಮುಗಿಸಿ, ಸಂಕ್ರಾಂತಿ ಮುಗಿಸಿ ಕೂತಿದ್ದೇವೆ. ಆ ಕಂಪ್ಯೂಟರಿಗೆ ಇನ್ನೂ ಎಳ್ಳಮಾವಾಸ್ಯೆಯೇ ಬಂದಿರಲಿಲ್ಲ. ಅದು ಒಂದು ತಿಂಗಳಿಗೂ ಹೆಚ್ಚು ಹಿಂದಿತ್ತು.

ಅಷ್ಟೇ ಕಥೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದೆ. ಹೊಸ ಪ್ರಮಾಣಪತ್ರ ತೋರಿಸಿದರೆ ಆ ಕಂಪ್ಯೂಟರು, ಇದು ಶುರುವಾಗುವ ದಿನ ಇನ್ನೂ ಬಂದೇ ಇಲ್ಲ, ನಾನು ನಂಬುವುದಿಲ್ಲ ಎನ್ನುತ್ತಿತ್ತು. ಹತ್ತು ವರ್ಷ ನಡೆಯುವ ಹಳೇ ಪತ್ರಕ್ಕೆ ಒಂದು ತಿಂಗಳು ಹಿಂದೆಮುಂದೆ ಆದರೂ ಲೆಕ್ಕವಿರಲಿಲ್ಲ. ವರದಿಯ ಮೇಲೆ ತಾರೀಖು ಒತ್ತುವುದು ಬೈಲಹೊಂಗಲದ ಸರ್ವರ್ ಆದ್ದರಿಂದ ಇಷ್ಟು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸಾಧನ ಸರ್ವರ್‌ನ ಜಾತಕ ಹೇಳುತ್ತದೆ, ಎದುರಿಗೆ ಕೂತವನ ಗಡಿಯಾರದ್ದಲ್ಲ.

"ಆಚಾರ್ರ, ತಾರೀಖು ಸರಿ ಐತಿ ಅಂದಿದ್ರಲ್ರಿ?"

ಅವರು ಕೈ ಒರೆಸಿಕೊಂಡು ಮೆಲ್ಲಗೆ ವಿವರಿಸಿದರು. ಕಂಪ್ಯೂಟರಿಗೆ ಅವರ ತಂದೆ ಖಂಡೇನವಮಿಯ, ಅಂದರೆ ಆಯುಧಪೂಜೆಯ ದಿನದ ಮುಹೂರ್ತ ಇಟ್ಟುಕೊಟ್ಟಿದ್ದರು. ಅಂಗಡಿಯವನು ತಡಮಾಡಿ, ದೀಪಾವಳಿಯೂ ಮುಗಿದು ಗೌರಿ ಹುಣ್ಣಿಮೆಯ ಹೊತ್ತಿಗೆ ತಂದುಕೊಟ್ಟ. ಹೊರಗೆ ಮುಹೂರ್ತ ಮೀರಿತ್ತು, ಆದರೆ ಯಂತ್ರದ ಒಳಗೆ ಮೀರಬೇಕೆಂದೇನಿಲ್ಲವಲ್ಲ. ತಾರೀಖನ್ನು ಖಂಡೇನವಮಿಗೆ ತಿರುಗಿಸಿ, ಅರಿಶಿನ-ಕುಂಕುಮ ಹಚ್ಚಿ, ಕಾಯಿ ಒಡೆದು, ಮೊದಲ ವರದಿ ಕಳಿಸಿದ್ದರು. ತಾರೀಖು ತಾನೇ ತಾನಾಗಿ ಮುಂದಕ್ಕೆ ಓಡುತ್ತಿತ್ತಂತೆ. ಅದಕ್ಕೆ ಇಂಟರ್ನೆಟ್ ನೋಡಿ ಸಮಯ ತಿದ್ದಿಕೊಳ್ಳುವ ವ್ಯವಸ್ಥೆಯನ್ನೂ ಹುಡುಕಿ ಬಂದ್ ಮಾಡಿದ್ದರು. ಅಂದಿನಿಂದ ಆ ಯಂತ್ರ ತನ್ನದೇ ಪಂಚಾಂಗದಲ್ಲಿ ನಡೆಯುತ್ತಿತ್ತು.

ನಾನು ಇಲಿಗೆ ಕೈಹಾಕಿದೆ, ಅಂದರೆ ಮೌಸಿಗೆ. ಎರಡು ಸಲ ಒತ್ತಿದರೆ ಕೆಲಸ ಮುಗಿಯುತ್ತಿತ್ತು. ಆಚಾರ್ರು ಕೈ ಜೋಡಿಸಿದರು. "ಬ್ಯಾಡ್ರಿ. ಆ ಗಳಿಗಿಯೊಳಗ ಶುರುವಾಗಿದ್ದಕ್ಕೇ ಇಲ್ಲೀತನಕ ಒಂದು ವರದೀನೂ ತಪ್ಪಿಲ್ಲ. ಅಪ್ಪಾವರು ಇಟ್ಟ ಮುಹೂರ್ತ, ನನ್ನ ಕೈಲೆ ಮುರೀಲಾರೆ" ಎಂದರು. ಹುಡುಗಾಟವಲ್ಲ, ಅವರ ಕಣ್ಣು ತುಂಬಿದ್ದವು. ಹತ್ತು ಗಂಟೆಗೆ ಅವರದೇ ಕೇಂದ್ರ ಮುಚ್ಚಿಹೋಗುತ್ತದೆ, ಅವರಿಗೆ ಮುಹೂರ್ತದ ಚಿಂತೆ. ಕುಸರೆಳ್ಳು ಬಾಯಲ್ಲಿ ಕರಗಿಹೋಗಿತ್ತು, ಬೈಗುಳಕ್ಕೆ ಅಡ್ಡಿಯಿರಲಿಲ್ಲ. ಆದರೂ ನನಗೆ ಬೈಯಲಾಗಲಿಲ್ಲ. ಮೌಸಿನಿಂದ ಕೈ ತೆಗೆದು, ನಿಮ್ಮ ಅಪ್ಪಾರು ಎಲ್ಲಿದ್ದಾರೆ, ಅವರನ್ನೇ ಕೇಳೋಣ ನಡೀರಿ ಎಂದೆ.

ಹಿರಿಯರು ಒಳಗಿನ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಅವರಿಗೂ ಅವತ್ತು ಪರೀಕ್ಷೆ, ಖಾಲಿ ಹೊಟ್ಟೆ. ನಾನು ಎಲ್ಲವನ್ನೂ ಹೇಳಿದೆ. ಬೀಗ, ಪ್ರಮಾಣಪತ್ರ, ಅದರ ಶುರುವಿನ ದಿನ, ತಿಂಗಳು ಹಿಂದಿರುವ ಯಂತ್ರ. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು. ನಿದ್ದೆ ಹೋದರೇನೋ ಎಂದು ಅನುಮಾನ ಬರುವಷ್ಟರಲ್ಲಿ ಮಗನ ಕಡೆ ಮುಖ ತಿರುಗಿಸಿದರು.

"ಮುಹೂರ್ತ ಹೊಸಲಾ ದಾಟಲಿಕ್ಕೆ ಇಡೋದೋ. ನೀ ಹೊಸಲ ಮ್ಯಾಲೇ ಕೂತುಬಿಟ್ಟಿಯಲ್ಲ?"

ಹೊಸ್ತಿಲ ಮೇಲೆ ಕೂರಬಾರದು ಎಂಬುದು ನಮ್ಮ ಕಡೆ ಕೂಸಿಗೂ ಗೊತ್ತು. ಆಚಾರ್ರು ತಲೆ ತಗ್ಗಿಸಿದರು. ಹಿರಿಯರು ಅಷ್ಟಕ್ಕೇ ಬಿಡಲಿಲ್ಲ. ಪಂಚಾಂಗ ಹಿಂದೆ ಬಿದ್ದಾಗ ಅಧಿಕ ಮಾಸ ಹಾಕಿ ಸರಿಮಾಡುವುದಿಲ್ಲವೇ, ಹಿಂದೆ ಬಿದ್ದದ್ದನ್ನು ಸರಿಮಾಡುವುದು ಶಾಸ್ತ್ರವೇ, ನಿನ್ನ ಯಂತ್ರಕ್ಕೂ ಒಂದು ಅಧಿಕ ಮಾಸ ಬಂತು ಎಂದುಕೋ ಎಂದರು. ನಾನು ಖುಷಿಯಿಂದ ಎದ್ದೆ. ಅವರು ಕೈ ಅಡ್ಡ ಹಿಡಿದರು. ಸೋಮವಾರದ ರಾಹುಕಾಲ ಒಂಬತ್ತರ ತನಕ ಇದೆ, ಅದು ಮುಗಿಯಲಿ ಎಂದರು.

ಹತ್ತಕ್ಕೆ ಗಡುವು, ಒಂಬತ್ತರ ತನಕ ರಾಹು. ಬೈಲಹೊಂಗಲದಿಂದ ಡಾಕ್ಟರು ಮತ್ತೆ ಮತ್ತೆ ಫೋನ್ ಮಾಡುತ್ತಿದ್ದರು. ರಾಹುಕಾಲ ಮುಗಿಯಲಿ ಎಂದು ನಾನು ಹೇಳಿದಾಗ, ನೀವ ಹಿಂಗ ಹೇಳಾಕ ಹತ್ತಿದ್ರ ಹೆಂಗ್ರಿ ಎಂದು ಕಕ್ಕಾಬಿಕ್ಕಿಯಾದರು. ಆ ಹೊತ್ತಿನಲ್ಲಿ ಆಚಾರ್ರು ಬೆಂಚಿನವರ ರಕ್ತವನ್ನೆಲ್ಲ ತೆಗೆದು ಮುಗಿಸಿದರು. ರಾಹುವಿಗೂ ಸೂಜಿಗೂ ಏನೂ ತಕರಾರಿಲ್ಲವಂತೆ. ಕೊನೆಗೆ ತಂದೆಯದನ್ನೂ ತೆಗೆದು, ಎಲ್ಲರ ಸಕ್ಕರೆ ನೋಡಿ ವರದಿ ಬರೆದಿಟ್ಟರು.

ಒಂಬತ್ತು ಹೊಡೆದ ಮೇಲೆ ಆಚಾರ್ರೇ ಕೂತು, ಕಂಪ್ಯೂಟರಿಗೆ ಕೈಮುಗಿದು, ತಾರೀಖು ಬದಲಿಸಿದರು. ಇಂಟರ್ನೆಟ್ ನೋಡಿ ಸಮಯ ತಿದ್ದಿಕೊಳ್ಳುವ ವ್ಯವಸ್ಥೆಯನ್ನು ಮತ್ತೆ ಚಾಲೂ ಮಾಡಿಸಿದೆ. ಮೊದಲು ಯಾರ ವರದಿ ಕಳಿಸಲಿ ಎಂದರು. ಕೈಗೆ ಸಿಕ್ಕಿದ್ದನ್ನು ಕಳಿಸ್ರಿ ಎಂದೆ. ಮೇಲಿದ್ದದ್ದು ಅವರ ತಂದೆಯದೇ. ಗುಂಡಿ ಒತ್ತಿದರು. "ಸಂಪರ್ಕ ಸಾಧ್ಯವಿಲ್ಲ" ಎಂಬ ಡಬ್ಬಿ ಬರಲಿಲ್ಲ, "ತಲುಪಿದೆ" ಎಂಬ ಮಾತು ಬಂತು. ಆಚಾರ್ರು ಪರದೆಗೆ ಇನ್ನೊಮ್ಮೆ ಕೈಮುಗಿದರು. ನನಗೂ ಮುಗಿಯಬೇಕೆನಿಸಿತು, ಮುಗಿದೆ.

ಹತ್ತೂಕಾಲಿಗೆ ಆಸ್ಪತ್ರೆಯ ಹುಡುಗ ಫೋನ್ ಮಾಡಿ, ಸರ್ವರ್ ಎ ಗ್ರೇಡ್, ಮೂರೂ ಕೇಂದ್ರ ಬಂದಿವೆ, ರಾಮದುರ್ಗವೂ ಸೇರಿ ಎಂದ. ಡಾಕ್ಟರು, ನಾ ಹೇಳಿದ್ನಿಲ್ರಿ, ನಾವು ನಪಾಸಾಗೋ ಪೈಕಿ ಅಲ್ಲ ಎಂದರು. ಬೆಂಚಿನ ಮೇಲೆ ಯಾರೂ ಉಳಿದಿರಲಿಲ್ಲ, ಎಲ್ಲರೂ ತಮ್ಮ ತಮ್ಮ ಮನೆಗೆ ನಡೆದುಹೋಗಿ ಉಪ್ಪಿಟ್ಟು ತಿನ್ನುತ್ತಿದ್ದರು. ಸವದತ್ತಿಯ ಬಸ್ಸು ಅವರಿಲ್ಲದೆ ಹೋಗಿತ್ತು.

ಹೊರಡುವ ಮುಂಚೆ ಹಿರಿಯರಿಗೆ ನಮಸ್ಕಾರ ಮಾಡಲು ಒಳಗೆ ಹೋದೆ. ಅವರು ನನ್ನನ್ನು ಹತ್ತಿರ ಕೂಡಿಸಿಕೊಂಡು, ಮಗ ಹೊರಗಿದ್ದಾನೆಯೇ ಎಂದು ಖಾತ್ರಿ ಮಾಡಿಕೊಂಡು, ಗುಟ್ಟಾಗಿ ಕೇಳಿದರು.

"ಇಷ್ಟು ಗಟ್ಟಿ ಬೀಗ ಹಾಕಿದ ಮ್ಯಾಲ ನನ್ನ ಸಕ್ಕರಿ ಎಷ್ಟದ ಅಂತ ಯಾರಿಗೂ ಗೊತ್ತಾಗೂದಿಲ್ಲಲ್ಲವಾ?"

ನಡುದಾರಿಯಲ್ಲಿ ಯಾರು ಇಣುಕಿದರೂ ಒಂದಕ್ಷರ ತಿಳಿಯುವುದಿಲ್ಲ ಎಂದು ನಾನು ಹೆಮ್ಮೆಯಿಂದ ಹೇಳಿದೆ. ಈ ತುದಿಗೆ ನಿಮ್ಮ ಮಗ, ಆ ತುದಿಗೆ ಡಾಕ್ಟರು, ಅವರಿಬ್ಬರಿಗೆ ಮಾತ್ರ ಗೊತ್ತಾಗುತ್ತದೆ ಎಂದೆ.

"ಅಯ್ಯ, ಬೀಗ ಹಾಕಬೇಕಾಗಿದ್ದು ಆ ಇಬ್ಬರಿಗೇ ಅಲ್ಲೇನು?" ಎಂದು ಹಿರಿಯರು ಪಕ್ಕಕ್ಕೆ ಕೈ ಚಾಚಿ ಕುಸರೆಳ್ಳಿನ ಡಬ್ಬಿ ತಡಕಾಡಿದರು. ಅದನ್ನು ಮಗ ಆಗಲೇ ಎತ್ತಿಟ್ಟಾಗಿತ್ತು.